ಬಳ್ಳಾರಿಯಲ್ಲಿ ರಾತ್ರಿ ಕಳೆದ ವಿಮಾನ

ಮಕ್ಕಳೇ, ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಿಂದ ಮೇಲೇರುವ ವಿಮಾನವನ್ನು ನೀವು ನೋಡಿರಬಹುದು. ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಸಮಯ ಸಿಗುತ್ತದೆ ಎಂದು ಗಣಿತದಲ್ಲಿ ಕಲಿತಿದ್ದೀರಿ. ವಿಮಾನಕ್ಕೂ ಇಷ್ಟೇ ಲೆಕ್ಕ ಸಾಕೆ? ಜೆ.ಆರ್.ಡಿ. ಟಾಟಾ ಅವರ ಜೀವನ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

ಜೆ.ಆರ್.ಡಿ. ಅವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಭಾರತೀಯರು, ತಾಯಿ ಫ್ರಾನ್ಸ್ ದೇಶದವರು. ರಜೆಯಲ್ಲಿ ಅವರು ಹೋಗುತ್ತಿದ್ದ ಸಮುದ್ರ ತೀರದ ಊರಿನಲ್ಲಿ ಲೂಯಿ ಬ್ಲೇರಿಯೊ ಅವರ ಮನೆಯಿತ್ತು. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದವರು ಅವರೇ. ಅಲ್ಲಿ ವಿಮಾನಗಳನ್ನು ನೋಡಿದ ಬಾಲಕನಿಗೆ ತಾನೂ ಹಾರಬೇಕೆಂಬ ಆಸೆ ಹುಟ್ಟಿತು. 1929ರ ಫೆಬ್ರವರಿ 10ರಂದು ಅವರಿಗೆ ಪೈಲಟ್ ಲೈಸೆನ್ಸ್ ದೊರೆಯಿತು. ಭಾರತದಲ್ಲಿ ನೀಡಿದ ಆ ಲೈಸೆನ್ಸಿನ ಸಂಖ್ಯೆ 1!

1930ರಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬರೇ ಹಾರುವ ಸ್ಪರ್ಧೆ ನಡೆಯಿತು. ದಾರಿಯಲ್ಲಿ ಈಜಿಪ್ಟಿನಲ್ಲಿ ಜೆ.ಆರ್.ಡಿ. ಇಳಿದಾಗ, ಎದುರಿನಿಂದ ಬಂದಿದ್ದ ಸ್ಪರ್ಧಿ ಆಸ್ಪಿ ಇಂಜಿನಿಯರ್ ಅಲ್ಲೇ ಸಿಕ್ಕಿಕೊಂಡಿದ್ದರು. ಅವರ ವಿಮಾನಕ್ಕೆ ಸ್ಪಾರ್ಕ್ ಪ್ಲಗ್ ಬೇಕಾಗಿತ್ತು. ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು. ಸ್ಪರ್ಧೆಯಲ್ಲಿ ಗೆದ್ದವರು ಆಸ್ಪಿ! ಮುಂದೆ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಆ ಕಾಲದಲ್ಲಿ ಲಂಡನ್ನಿನ ವಿಮಾನ ಅಂಚೆ ಕರಾಚಿಯವರೆಗೆ ಬರುತ್ತಿತ್ತು. ಅದನ್ನು ದಕ್ಷಿಣಕ್ಕೂ ವಿಮಾನದಲ್ಲೇ ತರಲು ಜೆ.ಆರ್.ಡಿ. ಮತ್ತು ಅವರ ಗೆಳೆಯ ನೆವಿಲ್ ವಿನ್ಸೆಂಟ್ ಯೋಜಿಸಿದರು. 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಅಂಚೆ ಚೀಲದೊಂದಿಗೆ ಕರಾಚಿಯಿಂದ ಹೊರಟರು. ಅವರ ಪುಟ್ಟ ಪಸ್ ಮಾತ್ ವಿಮಾನಕ್ಕೆ ಒಂದೇ ಎಂಜಿನ್. ವೇಗ ಗಂಟೆಗೆ ಸುಮಾರು 160 ಕಿ.ಮೀ. ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಸುಮಾರು 1,040 ಕಿ.ಮೀ. ಭಾಗಿಸಿ ನೋಡಿ: ಆರೂವರೆ ಗಂಟೆ. ಆದರೆ ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಬೇಕಿತ್ತು. ಆ ಇಂಧನದ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು! ಅವರು ಮುಂಬಯಿ ತಲುಪಿದಾಗ ಮಧ್ಯಾಹ್ನವಾಗಿತ್ತು.

ಅಲ್ಲಿಂದ ವಿನ್ಸೆಂಟ್ ಅಂಚೆಯನ್ನು ಮದರಾಸಿನ ಕಡೆಗೆ ಒಯ್ದರು. ಸುಮಾರು 610 ಕಿ.ಮೀ. ಹಾರಿ ನಮ್ಮ ಬಳ್ಳಾರಿಗೆ ಬಂದರು. ಅಷ್ಟರಲ್ಲಿ ಹಗಲು ಮುಗಿದಿತ್ತು. ವಿಮಾನದಲ್ಲಿ ರೇಡಿಯೋ ಇರಲಿಲ್ಲ, ರಾತ್ರಿ ಹಾರುವ ಸಲಕರಣೆಗಳೂ ಇರಲಿಲ್ಲ. ನದಿ, ಬೆಟ್ಟ, ರೈಲು ಹಳಿಗಳನ್ನು ಕಣ್ಣಿನಿಂದ ಗುರುತಿಸಿಯೇ ದಾರಿ ಹಿಡಿಯಬೇಕಿತ್ತು. ಕತ್ತಲಲ್ಲಿ ಹಾರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ವಿಮಾನ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು ಸೇರಿತು. ಭಾಗಾಕಾರದಲ್ಲಿ ಬಾರದ ಒಂದು ರಾತ್ರಿ ಪ್ರಯಾಣದಲ್ಲಿ ಸೇರಿಕೊಂಡಿತು!

ಈ ಅಂಚೆ ಸೇವೆಯೇ ಬೆಳೆದು 1946ರಲ್ಲಿ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು ಅದರ ಮೊದಲ ಲಂಡನ್ ವಿಮಾನ ಮುಂಬಯಿಯಿಂದ ಹೊರಟು, ಕೈರೊ ಮತ್ತು ಜಿನೀವಾಗಳಲ್ಲಿ ಇಳಿದು ಮುಂದೆ ಸಾಗಿತು. ಆಗ ಹಿಡಿದ ಸಮಯ ಸುಮಾರು ಒಂದು ದಿನ. ಈಗ ನಡುವೆ ಎಲ್ಲೂ ಇಳಿಯದ ಜೆಟ್ ವಿಮಾನಕ್ಕೆ ಸುಮಾರು ಹತ್ತು ಗಂಟೆ ಸಾಕು. ವೇಗ ಹೆಚ್ಚಿತು, ನಿಲುಗಡೆ ತಪ್ಪಿತು, ರಾತ್ರಿಯ ಭಯ ಹೋಯಿತು.

ಮೊದಲ ಹಾರಾಟಕ್ಕೆ 50 ವರ್ಷ ತುಂಬಿದ ದಿನ, 1982ರ ಅಕ್ಟೋಬರ್ 15ರಂದು, 78 ವರ್ಷದ ಜೆ.ಆರ್.ಡಿ. ಮತ್ತೆ ಪುಟ್ಟ ವಿಮಾನವೊಂದನ್ನು ಕರಾಚಿಯಿಂದ ಮುಂಬಯಿಗೆ ತಾವೇ ಹಾರಿಸಿಕೊಂಡು ಬಂದರು. 1992ರಲ್ಲಿ ಅವರಿಗೆ ಭಾರತರತ್ನ ದೊರೆಯಿತು. 1993ರ ನವೆಂಬರ್ 29ರಂದು ಅವರು ಜಿನೀವಾದಲ್ಲಿ ನಿಧನರಾದರು.

ಈಗ ನಿಮಗೊಂದು ಲೆಕ್ಕ: ಹುಬ್ಬಳ್ಳಿಯಿಂದ ಮುಂಬಯಿಗೆ ನೇರ ಗೆರೆಯಲ್ಲಿ ಸುಮಾರು 475 ಕಿ.ಮೀ. ಪಸ್ ಮಾತ್ ವಿಮಾನ ಮಧ್ಯಾಹ್ನ ನಾಲ್ಕಕ್ಕೆ ಹೊರಟರೆ ಕತ್ತಲಾಗುವ ಮೊದಲು ಮುಂಬಯಿ ಸೇರೀತೆ?