ಅಯೋಡಿನ್ ಆವಿಯ ಹಿಂದೆ ಹೋದ ಜೇಮ್ಸ್ ಫ್ರಾಂಕ್

ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಅಯೋಡಿನ್ ಹರಳು ಬಿಸಿ ಮಾಡಿ, ಗಾಜಿನ ನಳಿಕೆಯ ತುಂಬ ನೇರಳೆ ಆವಿ ಏಳಿಸಿ ತೋರಿಸಿದ್ದರು. ನಂಜನಗೂಡು, ತಿ. ನರಸೀಪುರ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ನಮಗೆ ಅದು ದೊಡ್ಡ ಬೆರಗು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಅದೇ ಆವಿಯ ಗುಟ್ಟು ಹುಡುಕಿದ ಜೇಮ್ಸ್ ಫ್ರಾಂಕ್ ಅವರ ಬದುಕನ್ನು ಓದಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯಬೇಕೆನಿಸಿತು.

ಫ್ರಾಂಕ್ ಹುಟ್ಟಿದ್ದು 1882ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದ ಯಹೂದಿ ಮನೆತನದಲ್ಲಿ. ಅಯೋಡಿನ್ ಆವಿಯ ಮೇಲೆ ಬೆಳಕು ಬಿಟ್ಟರೆ ಅದರ ಅಣುಗಳು ಶಕ್ತಿ ಹೀರಿ, ತಾವೂ ಬೆಳಗುತ್ತವೆ. ಬೇರೆ ಅನಿಲ ಬೆರೆಸಿದರೆ ಆ ಬೆಳಕು ಮಂಕಾಗುತ್ತದೆ. ಯಾವ ಅನಿಲ ಎಷ್ಟು ಮಂಕು ಮಾಡುತ್ತದೆ ಎಂಬುದನ್ನು ಫ್ರಾಂಕ್ ಮತ್ತು ಅಮೆರಿಕದ ಆರ್. ಡಬ್ಲ್ಯು. ವುಡ್ 1911ರಲ್ಲಿ ಪರೀಕ್ಷಿಸಿದರು. ಹೀಲಿಯಂನಿಂದ ಪರಿಣಾಮ ಕಡಿಮೆ, ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಕ್ಲೋರಿನ್‌ನಂಥ ಅನಿಲಗಳಿಂದ ಹೆಚ್ಚು. ಕಪಿಲೆಯಿಂದ ತುಂಬಿದ ಕೊಡ ಹೊತ್ತು ನಂಜನಗೂಡಿನ ದೊಡ್ಡ ಜಾತ್ರೆಯ ಜನರ ನಡುವೆ ಹೊರಟರೆ, ಮೈಗೆ ಮೈ ತಗುಲಿ ನೀರು ದಾರಿಯಲ್ಲೇ ಚೆಲ್ಲುತ್ತದಲ್ಲ, ಹಾಗೆ. ಶಕ್ತಿ ತುಂಬಿದ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆದಾಗ, ಬೆಳಕು ಕೊಡುವ ಮೊದಲೇ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

1914ರಲ್ಲಿ ಗುಸ್ತಾವ್ ಹರ್ಟ್ಜ್ ಜೊತೆ ಪಾದರಸದ ಆವಿಗೆ ಎಲೆಕ್ಟ್ರಾನ್ ಡಿಕ್ಕಿ ಹೊಡೆಸಿ, ಪರಮಾಣು ನಿರ್ದಿಷ್ಟ ಅಳತೆಯ ಶಕ್ತಿಯನ್ನಷ್ಟೇ ಸ್ವೀಕರಿಸುತ್ತದೆಂದು ತೋರಿಸಿದರು. ಅದಕ್ಕೇ 1925ರ ನೊಬೆಲ್ ಬಹುಮಾನ ಇಬ್ಬರಿಗೂ ಬಂತು. ನಮ್ಮ ತರಗತಿಯ ಟ್ಯೂಬ್‌ಲೈಟ್ ಉರಿಯುವುದೂ ಪಾದರಸದ ಆವಿಗೆ ಎಲೆಕ್ಟ್ರಾನ್ ಬಡಿಯುವುದರಿಂದಲೇ.

1933ರಲ್ಲಿ ಹಿಟ್ಲರ್ ಸರ್ಕಾರ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ತಂದಿತು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಫ್ರಾಂಕ್‌ಗೆ ವಿನಾಯಿತಿ ಇತ್ತು. ಸುಮ್ಮನಿದ್ದರೆ ಗಾಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಉಳಿಯುತ್ತಿತ್ತು. ಅವರು ಬಹಿರಂಗವಾಗಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು, ದೇಶ ಬಿಟ್ಟು ಕೊನೆಗೆ ಅಮೆರಿಕದಲ್ಲಿ ನೆಲೆಸಿದರು. ಅಲ್ಲಿ ಅಣುಬಾಂಬ್ ಯೋಜನೆಯಲ್ಲಿ ದುಡಿದರೂ, 1945ರ ಜೂನ್‌ನಲ್ಲಿ ಅವರ ಸಮಿತಿ ಜಪಾನಿನ ಮೇಲೆ ಏಕಾಏಕಿ ಬಾಂಬ್ ಹಾಕಬೇಡಿ, ಮೊದಲು ನಿರ್ಜನ ಜಾಗದಲ್ಲಿ ಸಿಡಿಸಿ ತೋರಿಸಿ ಎಂದು ಸರ್ಕಾರಕ್ಕೆ ವರದಿ ಕೊಟ್ಟಿತು. ಆ ಮಾತು ನಡೆಯಲಿಲ್ಲ. ಆಗಸ್ಟ್‌ನಲ್ಲಿ ಹಿರೋಷಿಮಾ ಸುಟ್ಟಿತು.

1964ರಲ್ಲಿ, ತಾವೇ ಬಿಟ್ಟು ಬಂದಿದ್ದ ಗಾಟಿಂಗೆನ್‌ಗೆ ಭೇಟಿ ಕೊಟ್ಟಿದ್ದಾಗ ಫ್ರಾಂಕ್ ತೀರಿಕೊಂಡರು.

ಕಂಪನಿಯ ಮೀಟಿಂಗಿನಲ್ಲಿ ತಪ್ಪು ಕಂಡರೂ ಕೆಲಸದ ಭಯಕ್ಕೆ ನಾನು ಬಾಯಿ ಮುಚ್ಚಿ ಕೂತದ್ದುಂಟು. ಆಗೆಲ್ಲ ಫ್ರಾಂಕ್ ನೆನಪಾಗಿ ನಾಚಿಕೆಯಾಗುತ್ತದೆ. ಈಗ ಶಾಲೆಯಲ್ಲಿರುವ ತಮ್ಮ ತಂಗಿಯರು ಅವರ ಪ್ರಯೋಗವನ್ನು ಓದಲಿ, ಆ ರಾಜೀನಾಮೆಯನ್ನೂ ಮರೆಯದಿರಲಿ.