ಎಲಿಜಬೆತ್ ರಾಬಿನ್ಸ್: ರಂಗಭೂಮಿಯಿಂದ ಮತಾಧಿಕಾರ ಚಳವಳಿಗೆ

ಎಲಿಜಬೆತ್ ರಾಬಿನ್ಸ್ (1862-1952) ಅಮೆರಿಕದ ಲೂಯಿವಿಲ್‌ನಲ್ಲಿ ಜನಿಸಿದರು. ನಟನಾಗಿದ್ದ ಪತಿ 1887ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಮರುವರ್ಷ ಅವರು ಲಂಡನ್ನಿಗೆ ಬಂದರು. ಅಲ್ಲಿ ನಾಟಕದ ಆಯ್ಕೆ, ಪಾತ್ರಹಂಚಿಕೆಗಳೆಲ್ಲವೂ ಬಹುಮಟ್ಟಿಗೆ ರಂಗಮಂದಿರಗಳನ್ನು ನಡೆಸುತ್ತಿದ್ದ ನಟರ ಅಧೀನದಲ್ಲಿದ್ದವು. ಈ ಯಜಮಾನಿಕೆಯ ಹೊರಗೆ ನಿಂತು, 1891ರಲ್ಲಿ ನಟಿ ಮರಿಯನ್ ಲೀ ಅವರೊಡಗೂಡಿ ಇಬ್ಸೆನ್ನನ 'ಹೆಡ್ಡಾ ಗಾಬ್ಲರ್' ನಾಟಕವನ್ನು ಇಂಗ್ಲಿಷಿನಲ್ಲಿ ಮೊದಲ ಬಾರಿಗೆ ರಂಗಕ್ಕೆ ತಂದು, ಹೆಡ್ಡಾಳ ಪಾತ್ರವನ್ನು ತಾವೇ ನಿರ್ವಹಿಸಿದರು.

ಮುಂದೆ ಅಭಿನಯವನ್ನು ತೊರೆದು ಬರವಣಿಗೆಗೆ ತೊಡಗಿದ ಅವರ 'ವೋಟ್ಸ್ ಫಾರ್ ವಿಮೆನ್' ನಾಟಕವು 1907ರಲ್ಲಿ ಕೋರ್ಟ್ ಥಿಯೇಟರಿನಲ್ಲಿ ಪ್ರದರ್ಶನಗೊಂಡಿತು. ಅದರ ಎರಡನೆಯ ಅಂಕವು ಟ್ರಫಾಲ್ಗರ್ ಚೌಕದ ಬಹಿರಂಗ ಸಭೆಯನ್ನೇ ರಂಗದ ಮೇಲೆ ನಿಲ್ಲಿಸುತ್ತದೆ. ನಾಯಕಿ ವೀಡಾ ಲೆವರಿಂಗ್ ತನ್ನ ಹಿಂದಿನ ಪ್ರಿಯಕರನಾದ ರಾಜಕಾರಣಿಯಿಂದ ವೈಯಕ್ತಿಕ ಪರಿಹಾರವನ್ನು ಬಯಸದೆ, ಸ್ತ್ರೀಯರ ಮತಾಧಿಕಾರಕ್ಕೆ ಅವನ ಬೆಂಬಲವನ್ನು ಕೇಳುತ್ತಾಳೆ. ಖಾಸಗಿ ನೋವು ಸಾರ್ವಜನಿಕ ಹಕ್ಕಾಗಿ ಪರಿವರ್ತನೆಗೊಳ್ಳುವ ಈ ನೆಲೆಯಿಂದಾಗಿ, ಕೃತಿಯನ್ನು ಕೇವಲ ಪ್ರಚಾರ ಸಾಹಿತ್ಯವೆಂದು ಬದಿಗಿಡಲಾಗದು.

1908ರಲ್ಲಿ ಸ್ಥಾಪಿತವಾದ ಲೇಖಕಿಯರ ಮತಾಧಿಕಾರ ಸಂಘಕ್ಕೆ ರಾಬಿನ್ಸ್ ಮೊದಲ ಅಧ್ಯಕ್ಷೆಯಾದರು. ಅದೇ ವರ್ಷ ನಟಿಯರೂ ತಮ್ಮದೇ ಸಂಘ ಕಟ್ಟಿಕೊಂಡರು. ಬ್ರಿಟನ್ನಿನಲ್ಲಿ 1918ರಲ್ಲಿ ಮೂವತ್ತು ದಾಟಿದ ಸ್ತ್ರೀಯರಿಗೆ ಷರತ್ತುಬದ್ಧವಾಗಿಯೂ, 1928ರಲ್ಲಿ ಪುರುಷರಿಗೆ ಸಮನಾಗಿಯೂ ಮತಾಧಿಕಾರ ದೊರೆಯಿತು. ಪಾತ್ರಕ್ಕಾಗಿ ಪರರನ್ನು ಕಾಯಬೇಕಾಗಿದ್ದ ನಟಿಯ ಅನುಭವವೇ ರಾಬಿನ್ಸ್ ಅವರ ರಾಜಕೀಯ ಪ್ರಜ್ಞೆಗೆ ತಳಹದಿಯಾಯಿತೆಂಬುದು ಅವರ ಬದುಕಿನಿಂದ ಸ್ಪಷ್ಟವಾಗುತ್ತದೆ.