ಶಿಲೆಗಳ ಸೇವಕ ಗುಲಾಂ ಯಜ್ದಾನಿ

ಕೊಪ್ಪಳದ ಗವಿಮಠದ ಬೆಟ್ಟವನ್ನೇರಿ ಅಶೋಕ ಚಕ್ರವರ್ತಿಯ ಶಾಸನವನ್ನು ಕಣ್ಣಾರೆ ಕಂಡು ಬಂದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಆದರೆ ಆ ಶಾಸನವು ಅಚ್ಚಾಗಿ ವಿದ್ವತ್ಪ್ರಪಂಚವನ್ನು ಮುಟ್ಟಿದಾಗ ಇಲಾಖೆಯ ಚುಕ್ಕಾಣಿ ಹಿಡಿದಿದ್ದ ಅಧಿಕಾರಿಯ ಹೆಸರನ್ನು ಬಲ್ಲವರು ವಿರಳ. ಆ ಮಹನೀಯರೇ ಗುಲಾಂ ಯಜ್ದಾನಿಯವರು.

ಯಜ್ದಾನಿಯವರು 1885ರಲ್ಲಿ ದಿಲ್ಲಿಯಲ್ಲಿ ಜನಿಸಿದರು. ಅರಬ್ಬೀ, ಫಾರಸೀ ಭಾಷೆಗಳಲ್ಲಿ ಪಾಂಡಿತ್ಯವನ್ನು ಸಂಪಾದಿಸಿ ಮೊದಲು ಅಧ್ಯಾಪಕ ವೃತ್ತಿಯನ್ನು ಕೈಕೊಂಡರು. 1914ರಲ್ಲಿ ಹೈದರಾಬಾದು ಸಂಸ್ಥಾನವು ಪ್ರಾಚ್ಯವಸ್ತು ಸಂರಕ್ಷಣೆಯ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಪ್ರಥಮ ನಿರ್ದೇಶಕರಾದರು. 1943ರ ವರೆಗೆ ಆ ಹೊಣೆಯನ್ನು ಹೊತ್ತರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಆಗ ಅದೇ ಸಂಸ್ಥಾನಕ್ಕೆ ಒಳಪಟ್ಟಿದ್ದವು.

ಅವರಿಗೆ ಲೋಕಕೀರ್ತಿಯನ್ನು ತಂದುದು ಅಜಂತೆ. ಹಿಂದೆ ಚಿತ್ರಗಳ ಪ್ರತಿ ತೆಗೆಯಬಂದವರು ಬಳಿದ ವಾರ್ನಿಷು ಕಪ್ಪುಗಟ್ಟಿತ್ತು. ಮಣ್ಣಿನ ಗಾರೆ ಗೋಡೆಯಿಂದ ಕಳಚಿ ಬೀಳುತ್ತಿತ್ತು. 1920ರ ಸುಮಾರಿಗೆ ಇಟಲಿಯಿಂದ ಚಿತ್ರೋದ್ಧಾರದ ಕುಶಲಿಗಳನ್ನು ಬರಮಾಡಿಕೊಂಡು ಅಲ್ಲಿಯ ಕೆಲಸವನ್ನು ನಡೆಸಲಾಯಿತು. ಹೊಸ ಬಣ್ಣ ಬಳಿದು ಹಳೆಯದನ್ನು ಮುಚ್ಚುವುದಲ್ಲ, ಉಳಿದಷ್ಟನ್ನು ಉಳಿದಂತೆಯೇ ನಿಲ್ಲಿಸುವುದು ಆ ಕಾರ್ಯದ ಮರ್ಮವಾಗಿತ್ತು. ಬಳಿಕ 1930ರಿಂದ 1955ರ ವರೆಗೆ ನಾಲ್ಕು ಬೃಹತ್ಸಂಪುಟಗಳಲ್ಲಿ ಆ ಚಿತ್ರಗಳನ್ನು ಪ್ರಕಟಿಸಿ ಯಜ್ದಾನಿಯವರು ಜಗತ್ತಿನ ಮುಂದಿರಿಸಿದರು.

ಕನ್ನಡ ನಾಡಿಗೂ ಅವರ ಋಣವಿದೆ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರೇ ಕಾಣಿಸಿಕೊಂಡು ಪಂಡಿತರ ಸಂದೇಹವು ಪರಿಹಾರವಾಯಿತು. ಇಲಾಖೆಯ ಗ್ರಂಥಮಾಲೆಯು ಆ ಶಾಸನದಿಂದಲೇ ಆರಂಭವಾಯಿತು. 1931ರಲ್ಲಿ ಎನ್. ಬಿ. ಶಾಸ್ತ್ರಿಗಳು ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳನ್ನು ಕಂಡುಹಿಡಿದರು. ಮರುವರ್ಷವೇ ಅವು ಅಚ್ಚಾದವು. 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿದ ಕೊಪ್ಪಳದ ಕನ್ನಡ ಶಾಸನಗಳೂ ಅದೇ ಮಾಲೆಯಲ್ಲಿ ಹೊರಬಂದವು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸಿದ ಕೊಪಣ ನಗರದ ಪ್ರಾಚೀನ ವೈಭವಕ್ಕೆ ಹೀಗೆ ಸಾಕ್ಷ್ಯವೊದಗಿತು.

ಇಲ್ಲಿ ಒಂದು ವೈಪರೀತ್ಯವನ್ನು ಹೇಳದೆ ಇರಲಾಗದು. ಕನ್ನಡದ ಮಕ್ಕಳು ಶಾಲೆಯಲ್ಲಿ ಉರ್ದುವಿನ ಮೂಲಕ ಓದಬೇಕಾಗಿದ್ದ ರಾಜ್ಯದಲ್ಲಿಯೇ ಸರಕಾರದ ವೆಚ್ಚದಿಂದ ಕನ್ನಡ ಶಾಸನಗಳು ಅಚ್ಚಾಗುತ್ತಿದ್ದವು. ಅವುಗಳ ವಿವರಣೆಯಾದರೋ ಇಂಗ್ಲಿಷಿನಲ್ಲಿತ್ತು. ಕಲ್ಲಿಗೆ ದೊರೆತ ಮನ್ನಣೆ ನುಡಿಗೆ ದೊರೆಯಲಿಲ್ಲ. ಆ ಆಳ್ವಿಕೆಯ ದೋಷವನ್ನು ನಾವು ಮರೆಮಾಚುವುದಿಲ್ಲ. ಆದರೆ ಆ ದೋಷವನ್ನು ಈ ವಿದ್ವಾಂಸರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬೌದ್ಧರ ಗುಹೆ, ಜೈನರ ಶಾಸನ, ಬೀದರಿನ ಮದರಸಾ ಇವುಗಳಲ್ಲಿ ತನ್ನದು ಪರರದೆಂಬ ಭೇದವನ್ನು ಅವರು ಎಣಿಸಲಿಲ್ಲ.

ಬೀದರಿನ ಸ್ಮಾರಕಗಳನ್ನು ಕುರಿತ ಅವರ ಗ್ರಂಥವು 1947ರಲ್ಲಿ ಪ್ರಕಟವಾಯಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೆಯೂ ಅವರ ಲೇಖನಿ ವಿರಮಿಸಲಿಲ್ಲ. 1959ರಲ್ಲಿ ಸ್ವತಂತ್ರ ಭಾರತವು ಪದ್ಮಭೂಷಣವಿತ್ತು ಅವರನ್ನು ಗೌರವಿಸಿತು. ಮರುವರ್ಷ ಅವರ ಸಂಪಾದಕತ್ವದಲ್ಲಿ ದಖ್ಖನಿನ ಪ್ರಾಚೀನ ಇತಿಹಾಸವು ಹೊರಬಂದಿತು. 1962ರಲ್ಲಿ ಅವರು ಕಾಲವಶರಾದರು.

1112ರಲ್ಲಿ ಮಹಾದೇವ ದಂಡನಾಯಕನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಕುಕನೂರಿನ ಗುಡಿಗಳು ನಮ್ಮ ಮನೆಬಾಗಿಲಲ್ಲಿಯೇ ಇವೆ. ನಿಧಿಯಾಸೆಯ ಗುದ್ದಲಿಗೂ ಕಲ್ಲುಗಣಿಯ ಸಿಡಿಮದ್ದಿಗೂ ಅವುಗಳ ಪ್ರಾಯವು ತಿಳಿಯದು. ದಿಲ್ಲಿಯಿಂದ ಬಂದವರೊಬ್ಬರು ಈ ಸೀಮೆಯ ಕಲ್ಲನ್ನು ಕಾದರು. ಈ ಮಣ್ಣಿನಲ್ಲಿ ಹುಟ್ಟಿ, ಈ ನುಡಿಯನ್ನಾಡಿ, ಈಗ ಅಧಿಕಾರವನ್ನೂ ಕೈಯಲ್ಲಿ ಹಿಡಿದ ನಾವು ಕಾಯದಿದ್ದರೆ ಆ ದೋಷವನ್ನು ಯಾವ ನಿಜಾಮನ ಮೇಲೆ ಹೊರಿಸೋಣ?